ಮೂರು ಬೆರಳಿನ ಕಲೆ

ಮೂರನೆಯ ಹಾಳೆಯೂ ಹೊರಗೆ ಬಂತು. ಅದರಲ್ಲೂ ಅದೇ ಕೊಳಕು.

ಹಾಳೆಗೆ ಅಡ್ಡಲಾಗಿ ಮೂರು ಬೂದುಬಣ್ಣದ ಪಟ್ಟೆಗಳು. ಸ್ವಲ್ಪ ಕೆಳಗೆ ಮತ್ತೆ ಮೂರು. ಇನ್ನೂ ಕೆಳಗೆ ಮತ್ತೆ ಮೂರು. ನಾನು ಗಾಜಿನ ಮೇಲೆ ಇಟ್ಟದ್ದು ಏನೂ ಬರೆಯದ ಬಿಳಿ ಹಾಳೆ. ಪಟ್ಟೆಗಳನ್ನು ಜೆರಾಕ್ಸ್ ಯಂತ್ರವೇ ತನ್ನ ಕೈಯಿಂದ ಹಾಕಿ ಕೊಡುತ್ತಿತ್ತು.

"ನೋಡಿದ್ರಾ?" ಪ್ರಿನ್ಸಿಪಾಲ್ ವೈಷ್ಣವಿ ಮೇಡಂ ತಮ್ಮ ಕೈಯಲ್ಲಿದ್ದ ಹಾಳೆಯನ್ನು ನನ್ನ ಮೂಗಿನ ಹತ್ತಿರ ಹಿಡಿದರು. "ಬೆಳಿಗ್ಗೆ ಟಿನ್ ಫ್ಯಾಕ್ಟರಿ ಬಸ್ ಸ್ಟಾಪ್‌ನಲ್ಲಿ ಸಿಕ್ಕಿದ್ದು ಇದು. ಸೇಮ್ ಮಾರ್ಕ್. ನಮ್ಮ ಮಷೀನಲ್ಲೇ ಕಾಪಿ ಆಗಿದೆ. ಇನ್ನೇನ್ರೀ ಬೇಕು ನಿಮ್ಗೆ?"

ಅಂದು ಶನಿವಾರ. ಆ ಹಾಳೆ ಸೋಮವಾರ ನಡೆಯಬೇಕಿದ್ದ ನರ್ಸಿಂಗ್ ಪರೀಕ್ಷೆಯ ಪ್ರಶ್ನೆಪತ್ರಿಕೆ. ಅದನ್ನಿಟ್ಟಿದ್ದ ಬೀರುವಿನ ಕೀಲಿ ಆಫೀಸ್ ಕ್ಲರ್ಕ್ ಸುಪ್ರೀತಾಳದು. ಮೇಡಂಗೆ ಅಷ್ಟೇ ಸಾಕಾಗಿತ್ತು. ಊಟದ ಹೊತ್ತಿನೊಳಗೆ ನಾನು ಬೇರೆ ಏನಾದರೂ ತೋರಿಸದಿದ್ದರೆ ಅವಳನ್ನು ಪೊಲೀಸರಿಗೆ ಒಪ್ಪಿಸುವುದಾಗಿ ಹೇಳಿಬಿಟ್ಟಿದ್ದರು.

ಸುಪ್ರೀತಾ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಗಂಗಾವತಿಯ ಹುಡುಗಿ. ಲಿಂಗರಾಜಪುರದಲ್ಲಿ ನಮ್ಮ ಮನೆಯ ಮೇಲಿನ ಬಾಡಿಗೆ ರೂಮಿನಲ್ಲಿರುತ್ತಾಳೆ. ನೀರು ಬಂದರೆ ಮೊದಲು ನನ್ನ ಕೊಡ ತುಂಬಿಸಿ ಆಮೇಲೆ ತನ್ನದನ್ನು ತುಂಬಿಸುವವಳು. ಅವಳು ಕದ್ದಳು ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪತ್ತೇದಾರಳಿಗೆ ಹೀಗೆಲ್ಲ ಉರಿಯಬಾರದು, ಗೊತ್ತು. ಆದರೆ ಉರಿಯುತ್ತಿತ್ತು.

"ನಂಗೆ ಬೇಕಾಗಿರೋದು ಇನ್ನೆರಡು ಹಾಳೆ," ಎಂದೆ.

"ಹಾಳೆ ಖಾಲಿ ಮಾಡೋದೇ ನಿಮ್ಮ ಇನ್ವೆಸ್ಟಿಗೇಷನ್ನಾ?"

ಹಲಸೂರಿನಲ್ಲಿ 'ವಿಮಲಾಕ್ಷಿ, ಖಾಸಗಿ ಪತ್ತೇದಾರರು' ಎಂಬ ಬೋರ್ಡು ಏರುವ ಮೊದಲು ನಾನು ಶಿವಾಜಿನಗರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೆ. ಗಿರಾಕಿಗಳ ಬೈಗುಳ ಕೇಳಿಸಿಕೊಳ್ಳುತ್ತಲೇ ಯಂತ್ರದ ರೋಗ ಹುಡುಕುವುದು ನನಗೆ ಹೊಸದಲ್ಲ.

ಒದ್ದೆ ಬಟ್ಟೆ ಹಿಂಡಿ ಗಾಜು ಒರೆಸಿದೆ. ಮುಚ್ಚಳದ ಒಳಗಿನ ಬಿಳಿ ಹಲಗೆಯನ್ನೂ ಒರೆಸಿದೆ. ಮತ್ತೆ ಎರಡು ಸಲ ಗುಂಡಿ ಒತ್ತಿದೆ. ಮತ್ತೆ ಮೂರು, ಮೂರು, ಮೂರು.

ಐದೂ ಹಾಳೆಗಳನ್ನು ಕಿಟಕಿಗೆ ಒಯ್ದು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದೆ. ಹೊರಗೆ ಕಲ್ಯಾಣ ನಗರದ ಕಡೆಯಿಂದ ರಿಂಗ್ ರೋಡಿನ ಲಾರಿಗಳು ಒಂದೇ ಸಮನೆ ಹಾರನ್ ಬಾರಿಸುತ್ತಿದ್ದವು. ತಲೆಯ ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು. ಒಂದು ಕಡೆ ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ. ಕಿಟಕಿಯಿಂದ ಯಂತ್ರಕ್ಕೆ, ಯಂತ್ರದಿಂದ ಕಿಟಕಿಗೆ ಓಡಾಡಿದೆ.

ಗಾಜಿನ ಮೇಲೆ ಕೊಳೆಯಿದ್ದರೆ ಅದು ಪ್ರತಿ ಹಾಳೆಯಲ್ಲೂ ಒಂದೇ ಜಾಗಕ್ಕೆ ಬೀಳಬೇಕು. ಇಲ್ಲಿ ಹಾಗಿರಲಿಲ್ಲ. ಒಂದು ಹಾಳೆಯಲ್ಲಿ ಮೊದಲ ಪಟ್ಟೆ ಮೇಲಿನಿಂದ ಶುರುವಾಗಿದ್ದರೆ, ಇನ್ನೊಂದರಲ್ಲಿ ಸಾಕಷ್ಟು ಕೆಳಗೆ ಇಳಿದಿತ್ತು. ಆದರೆ ಒಂದು ಗುಂಪಿಗೂ ಮುಂದಿನ ಗುಂಪಿಗೂ ನಡುವಿನ ಅಂತರ ಮಾತ್ರ ಎಲ್ಲದರಲ್ಲೂ ಒಂದೇ. ಅಳತೆಪಟ್ಟಿ ಇಟ್ಟು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಟಿನ್ ಫ್ಯಾಕ್ಟರಿಯ ಹಾಳೆಯಲ್ಲೂ ಅದೇ ಅಂತರ.

"ಡ್ರಮ್ಮು," ಎಂದೆ.

ಡ್ರಮ್ಮೆಂದರೆ ಯಂತ್ರದ ಹೊಟ್ಟೆಯಲ್ಲಿ ತಿರುಗುವ ಉರುಳೆ. ಅಕ್ಷರಗಳೆಲ್ಲ ಮೊದಲು ಅದರ ಮೇಲೆ ಮೂಡಿ ಆಮೇಲೆ ಹಾಳೆಗೆ ಇಳಿಯುತ್ತವೆ. ಉರುಳೆಗೆ ಒಂದು ಕಲೆ ಹತ್ತಿತೋ, ಅದು ಸುತ್ತಿಗೊಮ್ಮೆ ಹಾಳೆಗೂ ಬೀಳುತ್ತದೆ.

"ಆ ಮಷೀನು ಮೊದಲಿಂದನೂ ಹಂಗೇ ಅದ ಬಿಡ್ರಿ ಮೇಡಂ," ಎಂದು ಹಿಂದಿನಿಂದ ಮೆತ್ತಗಿನ ದನಿ ಬಂತು. "ಭಾಳ ದಿನಾ ಆತು. ನಾವೆಲ್ಲಾ ಹೊಂದ್ಕೊಂಡು ಹೊಂಟೀವಿ."

ಆಫೀಸ್ ಸೂಪರಿಂಟೆಂಡೆಂಟ್ ಶಿವಶಂಕರಪ್ಪ. ಬೀದರ ಕಡೆಯವರು. ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮಾತೆತ್ತಿದರೆ 'ತಂಗಿ' ಎನ್ನುವ ಮನುಷ್ಯ. ಬೆಳಿಗ್ಗೆಯಿಂದ ಈ ಒಂದು ಮಾತನ್ನು ಅವರು ಎಷ್ಟೋ ಸಲ ಹೇಳಿದ್ದರು. ಯಾರೂ ಕೇಳದಿದ್ದಾಗಲೂ ಹೇಳಿದ್ದರು.

ಅದೇ ನನಗೆ ಕಿರಿಕಿರಿ. ಕಲೆ ಹಳೆಯದಾದರೆ ಸುಪ್ರೀತಾಳ ಕಥೆ ಮುಗಿಯಿತು. ಬುಧವಾರ ಸಂಜೆ ಪ್ರಶ್ನೆಪತ್ರಿಕೆಯನ್ನು ಕಾಪಿ ಮಾಡಿ ಸೀಲ್ ಹಾಕಿಸಿದವಳು ಅವಳೇ. ಆಗಲೇ ಇನ್ನೊಂದು ಕಾಪಿ ತೆಗೆದು ಬ್ಯಾಗಿಗೆ ಹಾಕಿಕೊಂಡಳು ಎನ್ನುವುದು ಮೇಡಂ ಲೆಕ್ಕ. ಗುರುವಾರ ಆಯುಧಪೂಜೆ, ಶುಕ್ರವಾರ ವಿಜಯದಶಮಿ, ಎರಡು ದಿನವೂ ಅವಳು ಆಫೀಸಿನಲ್ಲಿರಲಿಲ್ಲ. ಬುಧವಾರ ಸಂಜೆ ಭುಜಕ್ಕೆ ಬ್ಯಾಗು ಹಾಕಿಕೊಂಡು, "ಊರಿಗೆ ಹೋಗ್ಬರ್ತೀನಿ ಅಕ್ಕ," ಎಂದು ನಮ್ಮ ಗೇಟು ದಾಟಿದ್ದನ್ನು ನಾನೇ ನೋಡಿದ್ದೆ.

ಮೇಜಿನ ಮೇಲಿನ ಫೋನ್ ಎತ್ತಿ ಶಿವಾಜಿನಗರದ ಅಬ್ದುಲ್‌ಗೆ ಕರೆ ಮಾಡಿದೆ. ಈ ಯಂತ್ರವನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಅವನೇ. ಜೆರಾಕ್ಸ್ ಅಂಗಡಿಯ ಕಾಲದಿಂದ ನನಗೂ ಅವನಿಗೂ ಜಗಳದ ಸ್ನೇಹ.

"ಅಬ್ದುಲ್, ನರ್ಸಿಂಗ್ ಸ್ಕೂಲ್ ಮಷೀನು ಹೊಲಸಾಗಿ ಬರ್ತಿದೆಯಲ್ಲೋ."

"ಕ್ಯಾ ಬಾತ್ ಕರ್ತೇ ಮೇಡಂ! ಬುಧವಾರ ಮಧ್ಯಾಹ್ನ ನಾನೇ ಸರ್ವೀಸ್ ಮಾಡಿ ಬಂದೀನಿ. ಟೆಸ್ಟ್ ಕಾಪಿ ಹಾಲಂಗೆ ಬಂತು."

"ಈಗ ಅಡ್ಡ ಪಟ್ಟೆ ಬರ್ತಿದೆ. ಮೂರು ಮೂರು."

"ಯಾರೋ ಡ್ರಮ್ಮಿಗೆ ಕೈ ಹಾಕವ್ರೆ. ಬರೀ ಬೆರಳು ತಾಕಿದ್ರೂ ಸಾಕು, ಖೇಲ್ ಖತಂ. ಖುದಾ ಕಸಮ್ ನಾನಲ್ಲ. ಡ್ರಮ್ ಗಯಾ, ಹೊಸದು ಹಾಕ್ಸಿ ಅಂತ ಹೇಳಿ ಅವ್ರಿಗೆ."

"ಹೊಸದು ಮಾರೋದೊಂದೇ ನಿಂಗೆ ಗೊತ್ತಿರೋದು," ಎಂದು ಫೋನಿಟ್ಟೆ.

ವೈಷ್ಣವಿ ಮೇಡಂ ಗಡಿಯಾರ ನೋಡಿದರು. "ಮೆಕ್ಯಾನಿಕ್ ಮಾತು ಪ್ರೂಫ್ ಆಗಲ್ಲ. ಸರ್ವೀಸ್ ಸರಿ ಮಾಡಿಲ್ಲ ಅಂತ ಅವನೇ ಒಪ್ಕೋತಾನಾ?"

ಆ ಮಾತು ನಿಜವೇ ಆಗಿತ್ತು.

"ಹಾಗಾದ್ರೆ ಸೀಲ್ ಮಾಡಿರೋ ಬಂಡಲ್ ಬಿಚ್ಚಿ. ಬುಧವಾರದ ಕಾಪಿಗಳಲ್ಲಿ ಪಟ್ಟೆ ಇದೆಯೋ ಇಲ್ವೋ ನೋಡ್ಬಿಡೋಣ."

"ಪರೀಕ್ಷೆ ದಿನದವರೆಗೂ ಸೀಲ್ ಮುಟ್ಟೋ ಹಾಗಿಲ್ಲ. ರೂಲ್ಸ್ ರೀ."

ಪ್ರಶ್ನೆಪತ್ರಿಕೆ ಬಸ್ ಸ್ಟಾಪಿನಲ್ಲಿ ಬಿಕರಿಯಾಗುತ್ತಿದೆ, ಇವರಿಗೆ ಸೀಲಿನ ಚಿಂತೆ! ನನಗೆ ತಲೆ ಕೆಟ್ಟುಹೋಯಿತು. ಎದ್ದು ಕಾರಿಡಾರಿಗೆ ಬಂದೆ. ಆ ಕೋಣೆಯಲ್ಲಿ ಇನ್ನೊಂದು ಗಳಿಗೆ ಇದ್ದಿದ್ದರೆ ಮೇಡಂಗೆ ಏನಾದರೂ ಅಂದೇಬಿಡುತ್ತಿದ್ದೆ.

ಕಾರಿಡಾರಿನಲ್ಲಿ ಬೂದುಗುಂಬಳದ ತುಂಡುಗಳು ಇನ್ನೂ ಬಿದ್ದಿದ್ದವು. ಬಾಡಿದ ಮಾವಿನೆಲೆ, ಬಾಗಿಲಿಗೆ ಒರಗಿಸಿದ ಬಾಳೆಕಂದು. ಎರಡು ಹೆಜ್ಜೆ ಆಚೆ ಹಾಕಿದವಳು ಎರಡು ಹೆಜ್ಜೆ ಈಚೆ ಬಂದೆ. ಹಾಗೆ ತಿರುಗುವಾಗ ಗೋಡೆಯ ನೋಟಿಸ್ ಬೋರ್ಡು ಕಣ್ಣಿಗೆ ಬಿತ್ತು.

'ಹಬ್ಬದ ಪ್ರಯುಕ್ತ ರಜೆ.' ಜೆರಾಕ್ಸ್ ಪ್ರತಿ. ಕೆಳಗೆ ಹಸಿರು ಶಾಯಿಯಲ್ಲಿ ವೈಷ್ಣವಿ ಮೇಡಂ ಸಹಿ, ಬುಧವಾರದ ದಿನಾಂಕ.

ಪಿನ್ನು ಕಿತ್ತು ಹಾಳೆಯನ್ನು ಒಳಗೆ ತಂದೆ.

"ಸುಪ್ರೀತಾ, ಇದನ್ನ ಕಾಪಿ ಮಾಡಿದ್ದು ಯಾವಾಗ?"

ಅವಳು ಬೆಚ್ಚಿ ತಲೆಯೆತ್ತಿದಳು. "ಕೊಶ್ಚನ್ ಪೇಪರ್ ಸೀಲ್ ಆದ್ಮೇಲೆ ಅಕ್ಕ. ಅದೇ ನನ್ನ ಕೊನೇ ಕೆಲಸ. ಮೇಡಂ ಸೈನ್ ಹಾಕಿದ್ರು, ನಾ ಹೊಂಟೆ."

"ಹೌದಾ ಮೇಡಂ?"

ವೈಷ್ಣವಿ ಮೇಡಂ ತಮ್ಮ ಸಹಿಯನ್ನೇ ನೋಡಿಕೊಂಡರು. "ಹೌದು."

ಹಾಳೆಯನ್ನು ಅವರ ಮೇಜಿನ ಮೇಲೆ ಹರಡಿದೆ. ಒಂದು ಪಟ್ಟೆಯಿಲ್ಲ, ಒಂದು ಚುಕ್ಕೆಯಿಲ್ಲ. ಅಬ್ದುಲ್ ಹೇಳಿದಂತೆ ಹಾಲಿನ ಬಿಳುಪು.

"ಪ್ರಶ್ನೆಪತ್ರಿಕೆ ಸೀಲ್ ಆದ ಮೇಲೂ ಮಷೀನು ಚೆನ್ನಾಗೇ ಇತ್ತು. ಬಸ್ ಸ್ಟಾಪಲ್ಲಿ ಸಿಕ್ಕಿದ ಹಾಳೇಲಿ ಪಟ್ಟೆ ಇದೆ. ಅಂದ್ರೆ ಅದು ಬುಧವಾರದ ಕಾಪಿ ಅಲ್ಲ. ಕಲೆ ಬಂದ ಮೇಲೆ ತೆಗೆದಿದ್ದು."

ನಾನು ಮೆಲ್ಲಗೆ ಶಿವಶಂಕರಪ್ಪನವರ ಕಡೆ ತಿರುಗಿದೆ. ಅವರು ಟೇಬಲ್ಲಿನ ಮೇಲಿದ್ದ ಪೆನ್ನುಗಳನ್ನು ಜೋಡಿಸುತ್ತಿದ್ದರು. ಜೋಡಿಸಿದ್ದನ್ನೇ ಕೆಡಿಸಿ ಮತ್ತೆ ಜೋಡಿಸುತ್ತಿದ್ದರು.

"ಭಾಳ ದಿನದಿಂದ ಹಂಗೇ ಅದೆ ಅಂದ್ರಲ್ಲ ಸರ್?"

"ನನಗ ಹಂಗ ಅನಸಿತ್ತು ತಂಗಿ. ವಯಸ್ಸಾತು. ಕಣ್ಣು ಸರಿ ಕಾಣಂಗಿಲ್ಲ."

ಕಣ್ಣು ಕಾಣದ ಮನುಷ್ಯ ಬೆಳಿಗ್ಗೆ ನನ್ನ ಸೀರೆಯ ಅಂಚಿನಲ್ಲಿ ಬಿಚ್ಚಿದ್ದ ಹೊಲಿಗೆಯನ್ನು ತೋರಿಸಿ ಎಚ್ಚರಿಸಿದ್ದರು!

ನಾನು ಕಿಟಕಿಯ ಪರದೆ ಎಳೆದೆ. ಡ್ರಮ್ಮಿಗೆ ಬೆಳಕು ಆಗದು. ಸ್ವಿಚ್ ಆರಿಸಿ ಯಂತ್ರದ ಮುಂದಿನ ಬಾಗಿಲು ತೆಗೆದೆ. ಹೊರಮೈಗೆಲ್ಲ ಕುಂಕುಮ ಅರಿಶಿನ ಹಚ್ಚಿದ್ದರು, ಬಾಗಿಲಿನ ಮೇಲೆ ಶ್ರೀಗಂಧದ ಸ್ವಸ್ತಿಕವೂ ಇತ್ತು. ಅದೆಲ್ಲ ಇರುವುದೇ. ಬೆಂಗಳೂರಿನಲ್ಲಿ ಆಯುಧಪೂಜೆಯ ದಿನ ಕುಂಕುಮ ಹತ್ತದ ಯಂತ್ರ ಯಾವುದಿದೆ? ನನ್ನ ಕೈನೆಟಿಕ್ ಹೋಂಡಾದ ಹೆಡ್‌ಲೈಟಿಗೂ ಹತ್ತಿದೆ.

ಆದರೆ ಬಾಗಿಲಿನ ಒಳಗೆ, ಬೇರೆ ಯಾರೂ ಕೈ ಹಾಕದ ಜಾಗದಲ್ಲಿ, ಕಂಬಿಯ ಮೇಲೆ ಬಿಳಿ ಪುಡಿ ಉದುರಿತ್ತು. ಬೆರಳಿಗೆ ಹತ್ತಿಸಿಕೊಂಡು ಮೂಸಿದೆ. ವಿಭೂತಿ.

ಡ್ರಮ್ಮನ್ನು ಗೇಣುದ್ದ ಮಾತ್ರ ಹೊರಗೆ ಎಳೆದೆ. ನುಣುಪಾದ ಹಸಿರು ಮೈ. ಅದರ ಮೇಲೆ ಬೆರಳಗಲದ ಮೂರು ಗೆರೆಗಳು, ಒಂದರ ಕೆಳಗೊಂದು.

ಯಾರೋ ಜೆರಾಕ್ಸ್ ಯಂತ್ರದ ಡ್ರಮ್ಮಿಗೆ ವಿಭೂತಿ ಹಚ್ಚಿದ್ದರು!

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅಂದು ನಗು ಬರಲಿಲ್ಲ. ಡ್ರಮ್ಮನ್ನು ಒಳಗೆ ತಳ್ಳಿ, ಹಾಳೆಯೊಂದನ್ನು ಎತ್ತಿಕೊಂಡು ಶಿವಶಂಕರಪ್ಪನವರ ಎದುರು ಹೋಗಿ ನಿಂತೆ.

"ಸರ್, ನಿಮ್ಮ ಬಲಗೈ ಮೂರು ಬೆರಳು ಈ ಪಟ್ಟೆಗಳ ಮೇಲೆ ಇಡಿ."

"ಯಾಕ್ರಿ?"

"ಇಡಿ ಸರ್."

ಅವರು ಇಡಲಿಲ್ಲ. ಕೈಯನ್ನು ಬೆನ್ನ ಹಿಂದೆ ಒಯ್ದರು. ಶಾಲೆಯಲ್ಲಿ ಮಕ್ಕಳು ಹೀಗೆ ಮಾಡುತ್ತಾರೆ. ಅವರ ಹಣೆಯ ಮೂರು ಗೆರೆಗಳು ಬೆವರಿಗೆ ಕದಡಿದ್ದವು.

"ಪೂಜೆ ಮಾಡಿದ್ದು ನೀವೇ ಅಲ್ವಾ?"

"ಪ್ರತಿ ವರ್ಷ ನಾನೇ ಮಾಡ್ತೀನ್ರಿ."

"ಡ್ರಮ್ಮನ್ನೂ ಹೊರಗೆ ಎಳೆದ್ರಿ."

ಅವರು ಕುರ್ಚಿಯಲ್ಲಿ ಕುಸಿದರು. "ಎಲ್ಲಾರೂ ಹೊರಗಷ್ಟ ಕುಂಕುಮ ಹಚ್ತಾರ, ಮೇಡಂ. ತಗಡಿಗೆ ಹಚ್ಚಿದರ ಪೂಜಿ ಆಗ್ತದೇನ್ರಿ? ಕೆಲಸಾ ಮಾಡೂದು ಒಳಗ ತಿರಗೂ ಜೀವಾ. ಅದು ವರ್ಷಾನುಗಟ್ಟಲೆ ನಮ್ಮ ಸಲುವಾಗಿ ದುಡಿದದ. ಅಬ್ದುಲ್ ಎಳಿಯೂದು ನೋಡಿದ್ದೆ. ನಾನೂ ಹಂಗೇ ಎಳದು, ಮೂರು ಬೆರಳಿಲೆ ವಿಭೂತಿ ಹಚ್ಚಿ, ನಮಸ್ಕಾರ ಮಾಡಿ ಒಳಗ ಇಟ್ಟೆ. ಹಾಳಾಗ್ತದ ಅಂತ ಆ ದೇವರಾಣೆ ಗೊತ್ತಿರಲಿಲ್ರಿ."

ಅವರ ಮಾತು ಕೇಳಿ ನನಗೆ ನಿಜವಾಗಿಯೂ ಕನಿಕರ ಬಂತು. ಅದರ ಬೆನ್ನಿಗೇ ಸಿಟ್ಟೂ ಬಂತು.

"ತಪ್ಪು ಮುಚ್ಕೊಳ್ಳೋಕೆ ಕಲೆ ಹಳೇದು ಅಂದ್ಬಿಟ್ರಿ. ಅದ್ರಿಂದ ಈ ಹುಡುಗಿ ಜೈಲಿಗೆ ಹೋಗ್ತಾಳೆ ಅನ್ನೋದು ಹೊಳೀಲಿಲ್ವಾ ನಿಮ್ಗೆ? ತಂಗಿ ತಂಗಿ ಅಂತೀರಲ್ಲ!"

ಶಿವಶಂಕರಪ್ಪ ಏನೋ ಹೇಳಬೇಕೆಂದಿದ್ದವರು ನುಂಗಿಕೊಂಡಂತಿತ್ತು. ಸುಪ್ರೀತಾಳ ಕಡೆ ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದರು.

"ಪೂಜೆ ಆಗಿದ್ದು ಎಷ್ಟೊತ್ತಿಗೆ?"

"ಗುರುವಾರ ಮುಂಜಾನೆ. ಪ್ರಸಾದ ಹಂಚಿ ಎಲ್ಲಾರೂ ಮನಿಗೆ ಹ್ವಾದ್ರು."

"ಬೀರುವಿನ ಕೀಲಿ?"

"ಎಲ್ಲಾರ ಕೀಲಿನೂ ದೇವರ ಮುಂದ ತಾಟಿನ್ಯಾಗ ಇಟ್ಟಿದ್ದೆವ್ರಿ. ಬೀರೂದು, ಡ್ರಾವರಿಂದು, ಲ್ಯಾಬಿಂದು. ಸುಪ್ರೀತಾ ಹೋಗೂ ಮುಂದ ತನ್ನದೂ ಪೂಜಿಗಂತ ಕೊಟ್ಟು ಹೋಗಿದ್ಲು. ಪೂಜಿಗೆ ಇಟ್ಟದ್ದು ದಶಮಿ ಮುಗಿಯೂತನಕ ತಗೀಬಾರದಲ್ರಿ. ಇವತ್ತ ಮುಂಜಾನೆ ತಗದೆ."

"ಹೊರಗಿನ ಬಾಗಿಲು?"

"ಅದೊಂದು ಕೀಲಿ ನನ್ನ ಹಂತೇಲಿ. ಇನ್ನೊಂದು ಮೇಡಂ ಹಂತೇಲಿ."

ಎಲ್ಲ ಒಂದೊಂದಾಗಿ ತನ್ನ ಜಾಗಕ್ಕೆ ಬಂದು ಕೂತಿತು. ಎರಡು ದಿನ ಈ ಕಟ್ಟಡದ ಕೀಲಿಗಳೆಲ್ಲ ಒಂದು ತಟ್ಟೆಯಲ್ಲಿ ಹೂವಿನ ನಡುವೆ ಬಿದ್ದಿದ್ದವು. ಒಳಗೆ ಕಾಲಿಟ್ಟವರು ಯಾರು ಬೇಕಾದರೂ ಬೀರು ತೆಗೆಯಬಹುದಿತ್ತು. ಸೀಲ್ ಮುಟ್ಟದೆ ಒಳಗಿದ್ದ ಮೂಲಪ್ರತಿಯನ್ನೇ ಕಾಪಿ ಮಾಡಿ, ಕೀಲಿಯನ್ನು ಇದ್ದಲ್ಲೇ ಇಟ್ಟು ಹೋಗಬಹುದಿತ್ತು.

ನಾನು ಪರದೆ ಸರಿಸಿದೆ. ಬಿಸಿಲು ಒಳಗೆ ಬಂತು. ನನಗೆ ಜಂಬ ಬಂದಿತ್ತು, ಮುಚ್ಚಿಡುವುದೇಕೆ? ಕೋರ್ಟಿನ ವಕೀಲರಂತೆ ಗಂಟಲು ಸರಿಮಾಡಿಕೊಂಡೆ.

"ಮೇಡಂ, ಕೇಳಿ. ಗುರುವಾರ ಬೆಳಿಗ್ಗೆ ಡ್ರಮ್ಮಿಗೆ ವಿಭೂತಿ ಬಿತ್ತು. ಈ ಕಾಪಿ ಆಗಿದ್ದು ಅದಾದ ಮೇಲೆ. ಇವತ್ತು ಬೆಳಿಗ್ಗೆ ಅದು ಟಿನ್ ಫ್ಯಾಕ್ಟರೀಲಿ ಸಿಕ್ತು. ಕಳ್ಳತನ ನಡೆದಿದ್ದು ಹಬ್ಬದ ಆ ಎರಡು ದಿನದಲ್ಲಿ. ಬೇರೆ ಹೊತ್ತಲ್ಲಿ ಸಾಧ್ಯವೇ ಇಲ್ಲ. ಇದಕ್ಕೆ ಈ ಮಷೀನೇ ಸಾಕ್ಷಿ. ಆ ಎರಡು ದಿನ ಸುಪ್ರೀತಾ ಗಂಗಾವತೀಲಿದ್ಲು. ಅವಳನ್ನ ಬಿಟ್ಬಿಡಿ."

ವೈಷ್ಣವಿ ಮೇಡಂ ಕನ್ನಡಕ ತೆಗೆದು ಒರೆಸಿದರು. ತುಂಬಾ ಹೊತ್ತು ಒರೆಸಿದರು.

"ಒಪ್ಕೋತೀನಿ," ಎಂದರು ಕೊನೆಗೆ. "ನಿಮ್ಮ ಲಾಜಿಕ್ ಪರ್ಫೆಕ್ಟಾಗಿದೆ. ಆ ಎರಡು ದಿನದಲ್ಲೇ ಆಗಿದೆ. ಸುಪ್ರೀತಾ, ಬಸ್ ಟಿಕೆಟ್ ಇದ್ರೆ ತೋರಿಸಮ್ಮ. ಮುಗಿಸಿಬಿಡೋಣ."

ಸುಪ್ರೀತಾ ದುಪಟ್ಟಾದ ಅಂಚನ್ನು ಮತ್ತೆ ಬೆರಳಿಗೆ ಸುತ್ತಿದಳು.

"ತೋರ್ಸೇ. ಬ್ಯಾಗಲ್ಲಿ ಇರುತ್ತಲ್ಲ," ಎಂದೆ ನಾನು.

"ಇಲ್ಲ ಅಕ್ಕ."

"ಬಿಸಾಕಿದ್ಯಾ? ಪರ್ವಾಗಿಲ್ಲ. ನಿಮ್ಮ ಮನೆ ಪಕ್ಕದೋರ ನಂಬರ್ ಕೊಡು. ಫೋನ್ ಮಾಡಿ ನಿಮ್ಮಮ್ಮನ್ನ ಕರೆಸ್ತೀನಿ, ಅವರೇ ಹೇಳ್ಲಿ."

"ಬೇಡ ಅಕ್ಕ, ಫೋನ್ ಮಾಡಬೇಡ್ರಿ." ಗಾಬರಿಯಾದಾಗ ಅವಳಿಗೆ ಊರಿನ ಮಾತೇ ಬರುತ್ತದೆ. "ನಾ ಊರಿಗೆ ಹೋಗೇ ಇಲ್ಲ."

ಬುಧವಾರದ ಆರೋಪದಿಂದ ಅವಳನ್ನು ಬಿಡಿಸಿ ತಂದವಳು ನಾನು. ಹಬ್ಬದ ಎರಡು ದಿನಕ್ಕೆ ಕಳ್ಳತನವನ್ನು ಭದ್ರವಾಗಿ ಕಟ್ಟಿದವಳೂ ನಾನೇ. ಈಗ ಅದೇ ಗಂಟು ಅವಳ ಕುತ್ತಿಗೆಗೆ ಬಿದ್ದಿತ್ತು. ಇನ್ನು ಅದನ್ನು ಬಿಚ್ಚುವುದು ಹೇಗೆಂದು ನನಗೇ ತಿಳಿಯಲಿಲ್ಲ. ಇಷ್ಟು ಬುದ್ಧಿವಂತಿಕೆ ಯಾರು ತೋರಿಸೆಂದಿದ್ದರು ನನಗೆ?

"ಸುಳ್ಳು ಹೇಳಿದ್ಯಾ ನಂಗೆ? ಬ್ಯಾಗ್ ಹಾಕ್ಕೊಂಡು ಹೋಗಿದ್ದು?"

"ತಪ್ಪಾತು ಅಕ್ಕ."

ವೈಷ್ಣವಿ ಮೇಡಂ ಕನ್ನಡಕ ಹಾಕಿಕೊಂಡರು. "ಥ್ಯಾಂಕ್ಯೂ ವಿಮಲಾಕ್ಷಿಯವರೇ. ನೀವಿಲ್ದೆ ಇದ್ದಿದ್ರೆ ಇಷ್ಟು ಕ್ಲಿಯರ್ ಆಗ್ತಿರ್ಲಿಲ್ಲ." ಅವರು ಫೋನಿನ ರಿಸೀವರ್ ಎತ್ತಿ ಪೊಲೀಸ್ ಸ್ಟೇಷನ್ನಿನ ನಂಬರ್ ಒತ್ತತೊಡಗಿದರು.

ನಾನು ಸುಪ್ರೀತಾಳ ಎರಡೂ ಭುಜ ಹಿಡಿದೆ. ಅಲುಗಾಡಿಸಿಬಿಟ್ಟೆನೇನೋ, ನೆನಪಿಲ್ಲ. "ಎಲ್ಲಿದ್ದೆ? ಗುರುವಾರ, ಶುಕ್ರವಾರ ಎಲ್ಲಿದ್ದೆ ನೀನು? ಯಾರ ಜೊತೆ ಇದ್ರೂ ಪರ್ವಾಗಿಲ್ಲ, ನಂಗೆ ಹೇಳು. ಈಗ ಹೇಳ್ದೆ ಇದ್ರೆ ಮುಗೀತು."

ಅವಳು ನನ್ನನ್ನು ದಾಟಿ ಎಲ್ಲೋ ನೋಡಿದಳು.

"ಇಲ್ಲೇ ಇದ್ದೆ ಅಕ್ಕ. ಈ ಬಿಲ್ಡಿಂಗಿನ್ಯಾಗ. ಎರಡೂ ದಿನ. ಒಬ್ಬಾಕಿನೇ ಇದ್ದಿಲ್ಲ."

"ಸುಪ್ರೀತಾ!"

ಕೂಗಿದ್ದು ಶಿವಶಂಕರಪ್ಪ. ಬೆಳಿಗ್ಗೆಯಿಂದ ಮೆತ್ತಗೆ ಮಾತಾಡುತ್ತಿದ್ದ ಮನುಷ್ಯ ಕುರ್ಚಿ ಕೆಡವಿಕೊಂಡು ಎದ್ದು ನಿಂತಿದ್ದರು. "ಹೇಳಬ್ಯಾಡವ್ವಾ! ನಿನ್ನ ಕಾಲಿಗೆ ಬೀಳ್ತೀನಿ, ಹೇಳಬ್ಯಾಡ!"

ಸುಪ್ರೀತಾ ಅವರ ಕಡೆ ತಿರುಗಲಿಲ್ಲ. ಅವಳ ಕಣ್ಣು ವೈಷ್ಣವಿ ಮೇಡಂ ಮೇಲಿತ್ತು.

"ನೀವು ಹೇಳ್ತೀರೋ, ನಾ ಹೇಳಲೋ ಮೇಡಂ?"

ರಿಸೀವರಿನೊಳಗಿಂದ, "ಹಲೋ, ಪೊಲೀಸ್ ಸ್ಟೇಷನ್," ಎಂಬ ದನಿ ನಮಗೆಲ್ಲ ಕೇಳಿಸಿತು. ವೈಷ್ಣವಿ ಮೇಡಂ ರಿಸೀವರನ್ನು ಕೆಳಗಿಟ್ಟರು. ಹೊರಗಿನ ಬಾಗಿಲಿನ ಕೀಲಿ ಇದ್ದದ್ದು ಅವರ ಮತ್ತು ಶಿವಶಂಕರಪ್ಪನವರ ಹತ್ತಿರ ಮಾತ್ರ ಎಂಬುದು ನನಗೆ ಆಗ ಹೊಳೆಯಿತು.